ತ್ರೂಶೊನ ಭಾವಚಿತ್ರ

ಎಮಾಬ್ಲ್ ತ್ರೂಶೊಗೆ ಯಾರಿಗೂ 'ಇಲ್ಲ' ಎಂದು ಹೇಳಿ ಅಭ್ಯಾಸವೇ ಇರಲಿಲ್ಲ. ಅವನು ಕೆಲಸಕ್ಕಿದ್ದ ಗುಂಡಿ-ರಿಬ್ಬನ್ ಅಂಗಡಿಗೆ ಬಂದ ಹೆಂಗಸು ನೀಲಿ ರಿಬ್ಬನ್ ಹಿಡಿದುಕೊಂಡು ಇದು ಹಸಿರಲ್ಲವೇ ಎಂದು ಕೇಳಿದರೆ, ಅವನು ಅದನ್ನು ಬೆಳಕಿಗೆ ಹಿಡಿದು, ತಲೆಯನ್ನು ಒಂದು ಕಡೆಗೆ ವಾಲಿಸಿ, ಹಾಗೂ ಕಾಣುತ್ತದೆ ಎನ್ನುತ್ತಿದ್ದ. ಹೋಟೆಲಿನಲ್ಲಿ ಪಕ್ಕದ ಮೇಜಿನವರು ಹೇಳಿದ ಊಟ ತಪ್ಪಿ ತನ್ನ ಮುಂದೆ ಬಂದರೆ ಅದನ್ನೇ ತಿಂದು, ಚೆನ್ನಾಗಿತ್ತೆಂದು ಹೇಳಿ ಎದ್ದು ಬರುತ್ತಿದ್ದ. ಇಂಥವನನ್ನು ಚಳಿಗಾಲದ ಒಂದು ಬೆಳಿಗ್ಗೆ, ಪ್ಯಾರಿಸಿನಲ್ಲಿ ಅವನು ಬಾಡಿಗೆಗಿದ್ದ ಕಟ್ಟಡದ ಅಟ್ಟದ ಕೋಣೆಯ ಚಿತ್ರಕಾರ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ, "ಭಾನುವಾರ ಮಧ್ಯಾಹ್ನ ನಾನು ಚಿತ್ರ ಬರೀತಿರ್ತೀನಿ. ನೀವು ಬಂದು ಸ್ವಲ್ಪ ಹೊತ್ತು ಕೂತಿರ್ತೀರಾ?" ಎಂದು ಕೇಳಿದ. ಮುಂದಿನ ರಗಳೆಗೆಲ್ಲ ಇದೇ ಮೂಲ.

"ಆಗಲಿ" ಎಂದ ತ್ರೂಶೊ.

ಚಿತ್ರಕಾರ ಪೋಲೆಂಡಿನವನು. ಅವನ ಮನೆತನದ ಹೆಸರು ಹೇಳಲು ಹೋಗಿ, ಕಟ್ಟಡದ ಬಾಗಿಲು ಕಾಯುವ ಮದಾಮ್ ಬುವಾರೋ ಒಮ್ಮೆ ನಾಲಿಗೆ ಕಚ್ಚಿಕೊಂಡಿದ್ದಳು. ಅಂದಿನಿಂದ ಅವನು ಎಲ್ಲರಿಗೂ ಬರೀ ವಿಟೋಲ್ಡ್. ಅವನ ಕೋಣೆಯಲ್ಲಿ ಇದ್ದದ್ದು ಒಂದು ಕಬ್ಬಿಣದ ಒಲೆ, ಒಂದು ಮುರುಕು ಆರಾಮಕುರ್ಚಿ, ಸರಿಯಾಗಿ ಮುಚ್ಚಲು ಬಾರದ ಒಂದು ಕಿಟಕಿ. ತ್ರೂಶೊ ಆ ಕುರ್ಚಿಯಲ್ಲಿ, ಫೋಟೋ ತೆಗೆಸಿಕೊಳ್ಳುವವರ ಹಾಗೆ ಗಲ್ಲ ಎತ್ತಿ, ಬಲಗೈಯನ್ನು ಮಂಡಿಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಕಾಲು ಜೋಮು ಹಿಡಿದರೂ ಅಲುಗಾಡುತ್ತಿರಲಿಲ್ಲ. ವಿಟೋಲ್ಡ್ ಕ್ಯಾನ್ವಾಸಿನ ಹಿಂದೆ ನಿಂತು ಒಮ್ಮೆ ಸೂರು ನೋಡುವನು, ಒಮ್ಮೆ ಕಿಟಕಿಯಾಚೆ ನೋಡುವನು, ತ್ರೂಶೊನನ್ನು ನೋಡುತ್ತಿದ್ದದ್ದು ಅಪರೂಪ. ದೊಡ್ಡ ಕಲಾವಿದರ ರೀತಿಯೇ ಹೀಗಿರಬೇಕೆಂದು ತ್ರೂಶೊ ತಿಳಿದುಕೊಂಡ. ಬರೆದದ್ದನ್ನು ತೋರಿಸೆಂದು ಕೇಳಲು ಅವನಿಗೆ ಸಂಕೋಚ. ಚಳಿಗಾಲವೆಲ್ಲ ಹೀಗೇ ಕಳೆಯಿತು.

ಒಂದು ಭಾನುವಾರ ಅವನು ಕೆಳಗಿಳಿದು ಬರುವಾಗ ತೋಳಿಗೆ ಹತ್ತಿದ್ದ ಕಂದು ಬಣ್ಣ ಮದಾಮ್ ಬುವಾರೋಳ ಕಣ್ಣಿಗೆ ಬಿತ್ತು. ಮಾರನೆಯ ದಿನ ಬ್ರೆಡ್ಡಿನಂಗಡಿಯವನು ತ್ರೂಶೊಗೆ ಟೋಪಿ ಎತ್ತಿ ನಮಸ್ಕಾರ ಹೇಳಿದ. ಮೊಸ್ಯೂ ತ್ರೂಶೊ ಅವರ ಭಾವಚಿತ್ರ ತಯಾರಾಗುತ್ತಿದೆ, ವಸಂತದಲ್ಲಿ ನದೀದಂಡೆಯ ಪ್ರದರ್ಶನದಲ್ಲಿ ತೂಗುಹಾಕುತ್ತಾರೆ ಎಂದು ಬೀದಿಗೆ ಬೀದಿಯೇ ಮಾತಾಡಿಕೊಳ್ಳತೊಡಗಿತ್ತು.

ಇದರಿಂದ ತ್ರೂಶೊಗೆ ಒಳಗೊಳಗೇ ಸಂತೋಷವಾಗದೆ ಇರಲಿಲ್ಲ. ಕಾರಣ, ಅದೇ ಕಟ್ಟಡದ ಕೆಳ ಅಂತಸ್ತಿನಲ್ಲಿ ಹಾಲು-ಬೆಣ್ಣೆಯ ಅಂಗಡಿ ಇಟ್ಟಿದ್ದ ಓರ್ತಾನ್ಸ್ ಲಕಾಸ್. ಆಕೆ ವಿಧವೆ. ಅಗಲವಾದ ಶಾಂತ ಮುಖ, ಬೆಣ್ಣೆ ಕತ್ತರಿಸುವ ತಂತಿಯನ್ನು ಪಿಟೀಲಿನ ಕಮಾನಿನ ಹಾಗೆ ಎಳೆಯುವ ಕೈ. ಎರಡು ವರ್ಷದಿಂದ ತ್ರೂಶೊ ದಿನವೂ ಸಂಜೆ ಆಕೆಯ ಅಂಗಡಿಗೆ ಹೋಗಿ ಬೆಣ್ಣೆ ಕೊಂಡು ತರುತ್ತಿದ್ದ. ಒಂಟಿ ಗಂಡಸೊಬ್ಬನಿಗೆ ಬೇಕಾಗುವ ಬೆಣ್ಣೆಯಲ್ಲ ಅದು. ಒಂದು ದೊಡ್ಡ ಸಂಸಾರ ಬ್ರೆಡ್ಡಿಗೆ ಸವರಿ, ಉಳಿದದ್ದನ್ನು ಬಾಗಿಲ ತಿರುಗಣೆಗೆ ಹಚ್ಚಬಹುದಾದಷ್ಟು. ಹವೆ, ಬೆಕ್ಕು, ಬೀದಿಯ ಕೊಚ್ಚೆ, ಎಲ್ಲವನ್ನೂ ಅವನು ಆಕೆಯೊಡನೆ ಮಾತಾಡಿದ್ದ. ಮಾತಾಡಬೇಕಾದ್ದೊಂದೇ ಉಳಿದಿತ್ತು.

ಭಾವಚಿತ್ರದ ಸುದ್ದಿ ಕೇಳಿದ ಮೇಲೆ ಆಕೆಯೇ ಮಾತೆತ್ತಿದಳು.

"ನೀವು ಯಾಕೆ ಇಷ್ಟು ಬೆಣ್ಣೆ ಕೊಳ್ತೀರಿ ಅಂತ ನನಗೆ ಗೊತ್ತಿಲ್ಲ ಅನ್ಕೊಂಡಿದೀರಾ, ಮೊಸ್ಯೂ ತ್ರೂಶೊ? ನಮ್ಮೆಜಮಾನ್ರು ಮಾತಿನ ಮಲ್ಲ. ಆ ಮಾತು ಕೇಳಿ ಮದುವೆ ಆದೆ. ಅವರು ಆಡಿ ಮುಗಿಸೋ ಹೊತ್ತಿಗೆ ನನ್ನ ಅರ್ಧ ಆಯಸ್ಸು ಮುಗಿದಿತ್ತು. ಈ ಸಲ ಮಾತು ಕೇಳೋಳಲ್ಲ. ಮನುಷ್ಯ ಬಾಯಿ ಮುಚ್ಕೊಂಡು ಕೂತಾಗ ಹೇಗಿರ್ತಾನೆ ಅಂತ ನೋಡ್ಬೇಕು. ಆ ಚಿತ್ರ ತೋರಿಸಿ. ಆಮೇಲೆ ಹೇಳ್ತೀನಿ."

ಆ ರಾತ್ರಿ ತ್ರೂಶೊ ಕನ್ನಡಿಯ ಮುಂದೆ ನಿಂತು ಮೀಸೆ ತೀಡಿಕೊಂಡು ನೋಡಿಕೊಂಡ. ಚಿತ್ರದಲ್ಲಿ ಗಲ್ಲವನ್ನು ಕೊಂಚ ಗಟ್ಟಿಯಾಗಿ ಬರೆದಿದ್ದರೆ ಸಾಕು, ಮಿಕ್ಕದ್ದು ನಡೆದೀತು ಅನ್ನಿಸಿತು.

ಪ್ರದರ್ಶನಕ್ಕೆ ಹೋಗುವ ಭಾನುವಾರ ಬಂತು. ಇಬ್ಬರೇ ಹೋಗುವುದೆಂದು ತ್ರೂಶೊನ ಲೆಕ್ಕ. ಬಾಗಿಲ ಬಳಿ ಬಂದಾಗ ಮದಾಮ್ ಬುವಾರೋ ಟೋಪಿಗೆ ಚೆರ್ರಿಹಣ್ಣಿನ ಗೊಂಚಲು ಸಿಕ್ಕಿಸಿಕೊಂಡು ಸಿದ್ಧವಾಗಿ ನಿಂತಿದ್ದಳು. ಮೊದಲು ಬಣ್ಣ ಕಂಡವಳು ತಾನು, ತಾನಿಲ್ಲದೆ ಹೋದರೆ ಹೇಗೆ ಎಂಬುದು ಅವಳ ವಾದ. ಅಷ್ಟರಲ್ಲಿ ಎದುರುಗಡೆಯ ಗುಂಡಿ ಅಂಗಡಿಯ ಬಾಗಿಲು ತೆರೆಯಿತು. ತ್ರೂಶೊನ ಯಜಮಾನರಾದ ಮೊಸ್ಯೂ ಗಾಂಬಿಯೆ ಕೊಡೆ ಹಿಡಿದು ಹೊರಗೆ ಬಂದರು.

ಐವತ್ತು ದಾಟಿದ ಬ್ರಹ್ಮಚಾರಿ ಗಾಂಬಿಯೆ ಗುಂಡಿ, ಲೇಸು, ರಿಬ್ಬನ್ ಮಾರಿ ಮಾರಿ ಕೊನೆಗೆ ತಮ್ಮ ಬಾಯಿಗೂ ಒಂದು ಗುಂಡಿ ಹೊಲಿಸಿಕೊಂಡವರಂತೆ ಇದ್ದರು. ಅದು ಬಿಚ್ಚುತ್ತಿದ್ದದ್ದು ತ್ರೂಶೊನನ್ನು ಬಯ್ಯಬೇಕಾದಾಗ ಮಾತ್ರ.

"ನಮ್ಮ ಅಂಗಡಿಯವನನ್ನ ನಾಲ್ಕು ಜನ ನೋಡೋ ಕಡೆ ತೂಗುಹಾಕಿದ್ದಾರೆ ಅಂದ್ಮೇಲೆ ನಾನೂ ನೋಡ್ಬೇಕಾಗುತ್ತೆ" ಎಂದರು ಅವರು, ಯಾರ ಮುಖವನ್ನೂ ನೋಡದೆ.

"ಅದಕ್ಕೇನಂತೆ, ಬನ್ನಿ ಯಜಮಾನ್ರೇ" ಎಂದ ತ್ರೂಶೊ.

ಟ್ರಾಮಿನಲ್ಲಿ ತ್ರೂಶೊ ಮತ್ತು ಮದಾಮ್ ಲಕಾಸ್ ನಡುವೆ ಯಜಮಾನರ ಕೊಡೆ ಬಂದು ಕುಳಿತುಕೊಂಡಿತು. ಅದರ ಹಿಂದೆಯೇ ಯಜಮಾನರೂ ಬಂದರು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು. ಸೇತುವೆ ದಾಟುವಾಗ, ನದಿ ತುಂಬಿದೆ ಎಂದರು. ಮದಾಮ್ ಲಕಾಸ್ ಹೌದು ಎಂದಳು. ತ್ರೂಶೊನೂ ಹೌದು ಎಂದ. ಮದಾಮ್ ಬುವಾರೋ ಮಾತ್ರ ಕಳೆದ ಪ್ರವಾಹದಲ್ಲಿ ತನ್ನ ನೆಲಮಾಳಿಗೆಯಿಂದ ತೇಲಿಹೋದ ಸಾಮಾನುಗಳನ್ನು ಒಂದೊಂದಾಗಿ ನೆನೆಯುತ್ತ ಇಳಿಯುವವರೆಗೂ ಸುಮ್ಮನಾಗಲಿಲ್ಲ.

ಪ್ರದರ್ಶನ ನಡೆಯುತ್ತಿದ್ದದ್ದು ನದೀದಂಡೆಯ ಉದ್ದುದ್ದ ಮರದ ಶೆಡ್ಡುಗಳಲ್ಲಿ. ಅಲ್ಲಿ ಆರಿಸುವವರು ತಿರಸ್ಕರಿಸುವವರು ಅಂತ ಯಾರೂ ಇಲ್ಲ. ಬಣ್ಣ ಬಳಿದವರು ಯಾರು ಬೇಕಾದರೂ ತಂದು ತೂಗುಹಾಕಬಹುದು. ಮೊದಲ ಕೋಣೆಗಳಲ್ಲಿ ಹಸುಗಳಿದ್ದವು, ಸೂರ್ಯಾಸ್ತಗಳಿದ್ದವು, ನವಿಲುಗರಿ ಹಿಡಿದ ಹೆಂಗಸರಿದ್ದರು. ಮದಾಮ್ ಬುವಾರೋ ಪ್ರತಿ ಹಸುವಿನ ಮುಂದೆಯೂ ನಿಂತು, ಕೆಚ್ಚಲು ಸರಿಯಾಗಿದೆಯೇ ಎಂದು ಹಾಲಿನಂಗಡಿಯ ಮದಾಮ್ ಲಕಾಸಳನ್ನು ಕೇಳಿ ಮುಂದೆ ಹೋಗುತ್ತಿದ್ದಳು. ವಿಟೋಲ್ಡನ ಹೆಸರು ಎಲ್ಲಿಯೂ ಕಾಣಲಿಲ್ಲ. ಕೊನೆಯ ಶೆಡ್ಡಿನ ಕಡೆಯಿಂದ ಜನ ಗೊಳ್ಳೆಂದು ನಗುವುದು ಕೇಳಿಸಿತು. ಅಲ್ಲಿ ಬೊಂಬೆಯಾಟವೋ ಏನೋ ಇರಬೇಕೆಂದುಕೊಂಡು ತ್ರೂಶೊ ಅವರನ್ನೆಲ್ಲ ಆ ಕಡೆಗೇ ಕರೆದುಕೊಂಡು ಹೋದ.

ಅಲ್ಲಿದ್ದದ್ದು ಹೊಸ ಪಂಥದವರ ಚಿತ್ರಗಳು. ಕ್ಯೂಬಿಸ್ಟರಂತೆ, ಫ್ಯೂಚರಿಸ್ಟರಂತೆ, ಪತ್ರಿಕೆಗಳವರು ದಿನವೂ ಬಯ್ಯುತ್ತಿದ್ದ ಎಲ್ಲರೂ ಅಲ್ಲಿದ್ದರು. ಒಂದು ಕಡೆ ಟ್ರಾಮೊಂದು ಹೆಂಗಸಿನ ಟೋಪಿಯೊಳಗೆ ನುಗ್ಗುತ್ತಿತ್ತು. ಇನ್ನೊಂದು ಕಡೆ ಮೇಜು ತನ್ನ ಮೇಲಿದ್ದ ಬಾಟಲಿಗಳನ್ನೆಲ್ಲ ನೋಡುವವರ ಮಡಿಲಿಗೆ ಸುರಿಯಲು ಬಾಗಿ ನಿಂತಿತ್ತು. ಅವೆರಡರ ನಡುವಿನ ಚಿತ್ರದ ಕೆಳಗೆ ವಿಟೋಲ್ಡನ ಹೆಸರಿತ್ತು. ಹೆಸರಿನ ಕೆಳಗೆ 'ಕುಳಿತ ಗಂಡಸು' ಎಂದು ಬರೆದಿತ್ತು.

ಎಲ್ಲ ಬೂದಿ, ಕಂದು, ಒಣಗಿದ ಎಲೆಯ ಬಣ್ಣ. ದೊಡ್ಡದೊಂದು ಕಪಾಟು ಮೆಟ್ಟಿಲ ಮೇಲಿಂದ ಉರುಳಿ ಬರುತ್ತಿರುವಾಗ ಯಾರೋ ನಡುದಾರಿಯಲ್ಲಿ ಅದಕ್ಕೆ ನಿಲ್ಲೆಂದು ಹೇಳಿದಂತಿತ್ತು. ಎಡಗಡೆ ಯಾವುದೋ ಮೂಲೆಯಿಂದ ಹಳದಿ ಬೆಳಕು ಸೀಳಿಕೊಂಡು ಬರುತ್ತಿತ್ತು. ನಡುವೆ ಮೇಲಿನಿಂದ ಕೆಳಕ್ಕೆ ನಿಜವಾದ ಗುಂಡಿಗಳನ್ನೇ ಸಾಲಾಗಿ ಅಂಟಿಸಿದ್ದರು.

ತ್ರೂಶೊ ತನ್ನನ್ನು ಹುಡುಕತೊಡಗಿದ. ಮೇಲಿನಿಂದ ಹುಡುಕಿದ, ಕೆಳಗಿನಿಂದ ಹುಡುಕಿದ. ಮೀಸೆ ಅಂದುಕೊಂಡದ್ದು ಕುರ್ಚಿಯ ಕೈಯಾಗಿತ್ತು.

"ಕಿವಿ ಮಾತ್ರ ನಿಮ್ಮದೇ" ಎಂದು ಮದಾಮ್ ಬುವಾರೋ ಸಮಾಧಾನ ಹೇಳಿದಳು. "ಇನ್ನೊಂದು ಇಲ್ಲಿದೆ ನೋಡಿ, ಜೇಬಿನ ಹತ್ರ. ಪಾಪ, ಅವನಿಗೆ ಮೇಲೆ ಜಾಗ ಸಾಲಲಿಲ್ಲ ಅಂತ ಕಾಣುತ್ತೆ."

ಗಾಂಬಿಯೆ ಚಿತ್ರದ ಹತ್ತಿರ ಹೋಗಿ, ಕನ್ನಡಕ ಏರಿಸಿಕೊಂಡು, ಗುಂಡಿಗಳನ್ನು ನೋಡಿದರು. ಮುತ್ತಿನ ಚಿಪ್ಪಿನವು. ಅಂಚಿಗೆ ತೆಳುವಾದ ಗೀರು.

"ತ್ರೂಶೊ, ಇವು ನಮ್ಮ ಅಂಗಡಿ ಗುಂಡಿ."

"ಹಾಗೇ ಕಾಣುತ್ತೆ, ಯಜಮಾನ್ರೇ."

"ಇಲ್ಲಿಗೆ ಹೇಗೆ ಬಂದ್ವು? ನೀವು ಕೊಟ್ರಾ?"

ತಾನು ಕೊಟ್ಟ ನೆನಪು ತ್ರೂಶೊಗೆ ಇರಲಿಲ್ಲ. ಕೊಟ್ಟಿಲ್ಲವೆಂದು ಹೇಳಬೇಕೆಂದರೆ ಆ ಮಾತು ನಾಲಿಗೆಗೆ ಬರಲಿಲ್ಲ. ಯಜಮಾನರು ಅಷ್ಟು ಖಚಿತವಾಗಿ ಕೇಳುತ್ತಿರುವಾಗ ಅವರನ್ನು ಸುಳ್ಳು ಮಾಡುವುದು ಹೇಗೆ? "ಇರಬಹುದು" ಎಂದುಬಿಟ್ಟ.

ಗಾಂಬಿಯೆಯ ಮುಖ ಕೆಂಪಾಯಿತು. ಮಾತು ಕಡಿಮೆಯಾದವರು ಬಾಯಿ ತೆರೆದರೆ ವರ್ಷದ ಮಾತೆಲ್ಲ ಒಟ್ಟಿಗೆ ಬರುತ್ತದೆ. ಈ ಚಿತ್ರ ಬರೆದವನು ತುಂಬ ಬುದ್ಧಿವಂತನೆಂದೂ, ಮನುಷ್ಯನ ಒಳಗನ್ನು ಚೆನ್ನಾಗಿ ಕಂಡಿದ್ದಾನೆಂದೂ ಅವರು ಹೇಳತೊಡಗಿದರು. ಈ ಕಣ್ಣು ನೋಡಿ, ಕಳ್ಳಗಣ್ಣು, ನೇರವಾಗಿ ನೋಡುವ ಧೈರ್ಯವಿಲ್ಲ. ಈ ಬೆನ್ನು ನೋಡಿ, ಸೋಮಾರಿಯ ಬೆನ್ನು, ಕುರ್ಚಿಗೆ ಅಂಟಿಕೊಂಡಿದೆ. ಇಡೀ ದೇಹವೇ ಯಾವುದೋ ಗುಟ್ಟು ಮುಚ್ಚಿಟ್ಟುಕೊಂಡವನ ಹಾಗೆ ಮುದುಡಿದೆ. ಇಂಥವನನ್ನು ಇಷ್ಟು ವರ್ಷ ಅಂಗಡಿಯಲ್ಲಿ ಇಟ್ಟುಕೊಂಡಿದ್ದೆನಲ್ಲ, ನಾಳೆಯಿಂದ ಬರಬೇಕಾಗಿಲ್ಲ ಎಂದೂ ಹೇಳಿದರು. ಮಾತು ತ್ರೂಶೊಗೆ, ಕಣ್ಣು ಮಾತ್ರ ಮದಾಮ್ ಲಕಾಸ್ ಕೇಳಿಸಿಕೊಂಡಳೇ ಎಂದು ಓರೆಯಾಗಿ ಹೊರಳುತ್ತಿತ್ತು.

ಆಕೆ ಎದುರಿನ ಬೆಂಚಿನ ಮೇಲೆ ಕೈ ಕಟ್ಟಿ ಕೂತು ಚಿತ್ರವನ್ನೇ ನೋಡುತ್ತಿದ್ದಳು.

ಗದ್ದಲಕ್ಕೆ ಜನ ಸೇರಿದರು. ಚಿತ್ರದಲ್ಲಿರುವ ಮನುಷ್ಯನೇ ಬಂದಿದ್ದಾನೆಂದು ಮದಾಮ್ ಬುವಾರೋ ಹೆಮ್ಮೆಯಿಂದ ಎಲ್ಲರಿಗೂ ತಿಳಿಸಿದಳು. ಕೆಂಪು ಸ್ಕಾರ್ಫಿನ ಒಬ್ಬ ಯುವಕ, ಹೊಸ ಪಂಥದ ಅಭಿಮಾನಿ, ಗುಂಪನ್ನು ಸೀಳಿಕೊಂಡು ಬಂದ. ಈ ಚಿತ್ರದಲ್ಲಿ ತಲೆ ಏಕಕಾಲಕ್ಕೆ ಎದುರಿನಿಂದಲೂ ಪಕ್ಕದಿಂದಲೂ ಕಾಣುತ್ತದೆ, ಅದೇ ಇದರ ಹಿರಿಮೆ ಎಂದು ಅವನು ನಗುತ್ತಿದ್ದ ಮುದುಕರಿಗೆ ವಿವರಿಸತೊಡಗಿದ. ಅವರು ಒಪ್ಪಲಿಲ್ಲ. ಆಗ ತ್ರೂಶೊನ ಕಡೆಗೆ ತಿರುಗಿ, "ಮೊಸ್ಯೂ, ದಯವಿಟ್ಟು ಚಿತ್ರದ ಪಕ್ಕ ನಿಂತ್ಕೊಂಡು ಸ್ವಲ್ಪ ತೋರಿಸಿ. ಮುಖ ನಮ್ಮ ಕಡೆ ಇರಲಿ, ಮೂಗು ಮಾತ್ರ ಬಾಗಿಲ ಕಡೆ" ಎಂದ.

ಯಾರಾದರೂ ಸರಿ, ಆಗದು ಎನ್ನಬಹುದಾದ ಮಾತು. ತ್ರೂಶೊ ಚಿತ್ರದ ಪಕ್ಕ ಹೋಗಿ ನಿಂತು ಪ್ರಯತ್ನಿಸಿದ. ಮುಖ ಈ ಕಡೆ, ಮೂಗು ಆ ಕಡೆ. ಇನ್ನೂ ಸ್ವಲ್ಪ ಎಂದ ಯುವಕ. ತ್ರೂಶೊ ಇನ್ನೂ ಸ್ವಲ್ಪ ತಿರುಗಿಸಿದ. ಕತ್ತಿನೊಳಗೆ ಏನೋ ಕಟಕ್ಕೆಂದಿತು. ತಲೆ ಬಾಗಿಲ ಕಡೆಗೆ ತಿರುಗಿದ್ದು ಹಾಗೆಯೇ ಹಿಡಿದುಕೊಂಡಿತು, ವಾಪಸು ಬರಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಈಗ ಹೋಲುತ್ತಾನೆ ಎಂದ ಮುದುಕರಲ್ಲೊಬ್ಬ.

ಎಲ್ಲರ ಕಣ್ಣೂ ಅವನ ಕತ್ತಿನ ಮೇಲಿದ್ದಾಗ ಗಾಂಬಿಯೆ ಕೈ ಚಾಚಿ ಒಂದು ಗುಂಡಿಯನ್ನು ಉಗುರಿನಿಂದ ಮೀಟಿದರು. ಹಿಂದೆ ಅಂಗಡಿಯ ಗುರುತು ಇದೆಯೇ ಎಂದು ನೋಡಬೇಕಿತ್ತಷ್ಟೇ. ಗುಂಡಿ ಕಿತ್ತು ಅಂಗೈಗೆ ಬಂತು. ಅದೇ ಹೊತ್ತಿಗೆ ಶೆಡ್ಡಿನ ಕಾವಲುಗಾರ ಗುಂಪಿನೊಳಗೆ ತಲೆ ಹಾಕಿದ. ಗಾಂಬಿಯೆ ಗಾಬರಿಯಾಗಿ, "ಹಿಡ್ಕೊಳ್ಳಿ" ಎಂದು ಅದನ್ನು ತ್ರೂಶೊನ ಕೈಗೆ ತುರುಕಿದರು. ತ್ರೂಶೊ ಹಿಡಿದುಕೊಂಡ. ತಲೆ ಬೇರೆ ಕಡೆಗೆ ತಿರುಗಿದ್ದರಿಂದ ಏನು ಹಿಡಿದುಕೊಂಡೆ ಎಂಬುದೂ ಅವನಿಗೆ ಕಾಣಲಿಲ್ಲ.

ಕಾವಲುಗಾರ ದಪ್ಪ ಮೀಸೆಯ, ನಿಧಾನದ ಮನುಷ್ಯ. ಚಿತ್ರ ನೋಡಿದ, ಗುಂಡಿಯಿದ್ದ ಜಾಗದಲ್ಲಿ ಉಳಿದ ಗೋಂದು ನೋಡಿದ, ತ್ರೂಶೊನ ಮುಷ್ಟಿ ಬಿಡಿಸಿ ನೋಡಿದ. ಆಮೇಲೆ ಅವನ ಕಾಲರಿಗೆ ಕೈ ಹಾಕಿದ. ಹೀಗೆ ತ್ರೂಶೊ ಒಂದೇ ಗುಂಡಿಯನ್ನು ಮೊದಲು ಅಂಗಡಿಯಿಂದಲೂ ಆಮೇಲೆ ಚಿತ್ರದಿಂದಲೂ ಕದ್ದವನಾದ.

"ನೀನೇ ಕಿತ್ತೆಯೇನಯ್ಯಾ?"

ತ್ರೂಶೊ ಯಜಮಾನರ ಕಡೆ ನೋಡಬೇಕೆಂದುಕೊಂಡ. ಅದಕ್ಕೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ತಿರುಗಿಸುವುದರೊಳಗೆ, ಓಡಲು ನೋಡುತ್ತಿದ್ದಾನೆಂದು ಕಾವಲುಗಾರ ಕಾಲರನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಚಿತ್ರ ಬರೆದವನನ್ನು ಕರೆಸುತ್ತೇನೆ, ಆಮೇಲೆ ಪೊಲೀಸರು ಎಂದ. ಯುವಕ ಇದು ಕಲೆಯ ಮೇಲಿನ ದಾಳಿ ಎಂದು ಕೂಗಾಡಿದ. ಮುದುಕರು ಇದೇ ಕಲೆ ಎಂದು ಗೇಲಿ ಮಾಡಿದರು. ಇವನು ಒಳ್ಳೆಯವನು, ಬಾಡಿಗೆ ಸರಿಯಾಗಿ ಕೊಡುತ್ತಾನೆ ಎಂದು ಮದಾಮ್ ಬುವಾರೋ ಸಿಕ್ಕಸಿಕ್ಕವರ ಬಳಿ ಅಲವತ್ತುಕೊಂಡಳು.

"ಎಲ್ಲರೂ ಸ್ವಲ್ಪ ಸುಮ್ಮನಿರ್ತೀರಾ?"

ಮದಾಮ್ ಲಕಾಸ್ ದನಿ ಏರಿಸಿರಲಿಲ್ಲ. ಅಂಗಡಿಯಲ್ಲಿ ಸರದಿ ತಪ್ಪಿಸಿದವರಿಗೆ ಹೇಳುವಷ್ಟೇ ಮೆತ್ತಗೆ ಹೇಳಿದಳು. ಗುಂಪು ಸುಮ್ಮನಾಯಿತು.

ಚಿತ್ರ ಮೊದಲು ತನಗೂ ಅರ್ಥವಾಗಲಿಲ್ಲವೆಂದು ಆಕೆ ಹೇಳಿದಳು. ಕೂತು ನೋಡುತ್ತ ನೋಡುತ್ತ ಒಂದೊಂದೇ ಕಂಡಿತು. ಈ ಮನುಷ್ಯ ಕತ್ತಲಲ್ಲಿ ಕೂತಿದ್ದಾನೆ. ಬೆಳಕೆಲ್ಲ ಅವನ ಎದುರಿನ ಆ ಮೂಲೆಯಿಂದ ಬರುತ್ತಿದೆ. ಅವನ ಕಣ್ಣು, ಕಿವಿ, ಮಂಡಿ, ಬೂಟು, ಎಲ್ಲ ಚೂರುಚೂರಾಗಿ ಆ ಕಡೆಗೇ ತಿರುಗಿವೆ.

"ಯಾರನ್ನೋ ಕಾಯ್ತಿದಾನೆ. ತುಂಬ ದಿನದಿಂದ. ಕೂಗಿ ಕರೆಯೋ ಧೈರ್ಯ ಇಲ್ಲ, ಎದ್ದು ಹೋಗೋಕೆ ಮನಸಿಲ್ಲ. ನನ್ನ ಗಂಡ ಒಂದು ದಿನಾನೂ ಯಾರನ್ನೂ ಹೀಗೆ ನೋಡ್ಲಿಲ್ಲ, ನನ್ನನ್ನೂ ಸೇರಿಸಿ." ಆಕೆ ಎದ್ದು ನಿಂತು ಕೈಚೀಲ ಸರಿಪಡಿಸಿಕೊಂಡಳು. "ಮೊಸ್ಯೂ ತ್ರೂಶೊ, ಕದ್ದಿದ್ರೂ ಚಿಂತೆ ಇಲ್ಲ. ನನಗೆ ಒಪ್ಪಿಗೆ."

ಕತ್ತು ಹಿಡಿದುಕೊಂಡು, ಕಾಲರನ್ನು ಬೇರೆಯವರ ಕೈಗೆ ಕೊಟ್ಟು, ಬಾಗಿಲ ಕಡೆಗೆ ನೋಡುತ್ತ ನಿಂತಿದ್ದ ತ್ರೂಶೊನಷ್ಟು ಸುಖಿ ಆ ಗಳಿಗೆಯಲ್ಲಿ ಇಡೀ ಪ್ಯಾರಿಸಿನಲ್ಲಿ ಇನ್ನೊಬ್ಬ ಇರಲಿಲ್ಲ. ಗಾಂಬಿಯೆ ಮಾತ್ರ ಬಿಳಿಚಿಕೊಂಡು, ಆಕೆ ಎದ್ದ ಬೆಂಚಿನ ಮೇಲೆ ಕುಸಿದು ಕುಳಿತರು. ಸೆಕೆ, ಗಾಳಿಯಿಲ್ಲ ಎಂದು ಏನೇನೋ ಗೊಣಗಿದರು.

ಅಷ್ಟರಲ್ಲಿ ವಿಟೋಲ್ಡ್ ಬಂದ. ಪಕ್ಕದ ಶೆಡ್ಡಿನಲ್ಲಿ ಯಾರದೋ ಜೊತೆ ವಾದಕ್ಕೆ ನಿಂತಿದ್ದವನನ್ನು ಹಿಡಿದು ತಂದಿದ್ದರು, ಬಾಯಲ್ಲಿ ಇನ್ನೂ ಸಾಸೇಜು ಇತ್ತು. ಕಾವಲುಗಾರ ಗುಂಡಿ ಹೋದ ಜಾಗವನ್ನು ತೋರಿಸಿದ. ವಿಟೋಲ್ಡ್ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿದ.

"ಹಾಗೇ ಇರಲಿ. ಅಲ್ಲೊಂದು ಖಾಲಿ ಜಾಗ ಬೇಕಾಗಿತ್ತು, ಎಲ್ಲಿ ಅಂತ ನನಗೇ ಹೊಳೆದಿರಲಿಲ್ಲ" ಎಂದ. ತ್ರೂಶೊನ ಕೈ ಹಿಡಿದು ಕುಲುಕಿದ.

ದೂರು ಕೊಡುವವರೇ ಇಲ್ಲವೆಂದ ಮೇಲೆ ಕಾವಲುಗಾರ ಮಾಡುವುದೇನು? ಕಾಲರು ಬಿಟ್ಟು, ಈ ಶೆಡ್ಡಿಗೆ ತನ್ನನ್ನು ಹಾಕಿದವರನ್ನು ಬಯ್ದುಕೊಳ್ಳುತ್ತ ಹೊರಟುಹೋದ. ಜನರೂ ಚದುರಿದರು. ಎಲ್ಲವೂ ಸುಖವಾಗಿ ಮುಗಿಯುತ್ತಿತ್ತು, ಮದಾಮ್ ಬುವಾರೋ ಮೂಗಿನ ಮಾತೆತ್ತದೆ ಇದ್ದಿದ್ದರೆ.

"ಎಲ್ಲ ಸರಿ ಕಣಪ್ಪಾ ವಿಟೋಲ್ಡ್, ಮೂಗು ಯಾಕೆ ಇಷ್ಟುದ್ದ ಬರ್ದೆ? ನಮ್ಮ ತ್ರೂಶೊ ಮೂಗು ಗಿಡ್ಡ."

"ತ್ರೂಶೊ ಮೂಗೇ?" ಎಂದ ವಿಟೋಲ್ಡ್. "ಇದು ತ್ರೂಶೊ ಅಲ್ವಲ್ಲ."

ತ್ರೂಶೊ ನಿಧಾನವಾಗಿ ಮೈಯನ್ನೆಲ್ಲ ಅವನ ಕಡೆಗೆ ತಿರುಗಿಸಿದ.

"ಚಳಿಗಾಲವೆಲ್ಲ ನನ್ನನ್ನ ಕೂರಿಸ್ಕೊಂಡಿದ್ರಲ್ಲ?"

ವಿಟೋಲ್ಡನಿಗೆ ಸಂಕೋಚವಾಯಿತು. ಒಲೆಗೆ ಹಾಕಲು ಕಲ್ಲಿದ್ದಲು ಇರಲಿಲ್ಲ, ಕೋಣೆಯಲ್ಲಿ ಇನ್ನೊಂದು ಜೀವ ಇದ್ದರೆ ಅಷ್ಟರಮಟ್ಟಿಗೆ ಬೆಚ್ಚಗಿರುತ್ತದೆ, ಅದಕ್ಕೇ ಕರೆದೆ ಎಂದ. ಮೊದಲು ಬೇರೆ ಇಬ್ಬರನ್ನು ಕೇಳಿದ್ದನಂತೆ, ಅವರು ಬಂದವರು ಮಾತು ನಿಲ್ಲಿಸಲೇ ಇಲ್ಲವಂತೆ. "ನಿಮ್ಮಷ್ಟು ಚೆನ್ನಾಗಿ ಕೂರೋರು ಸಿಗಲ್ಲ ಮೊಸ್ಯೂ ತ್ರೂಶೊ. ನೀವಿದ್ದದ್ದಕ್ಕೇ ಬೆರಳು ಮರಗಟ್ಟಲಿಲ್ಲ."

"ಹಾಗಾದ್ರೆ ಇದು ಯಾರು?" ಎಂದು ಕೇಳಿದವಳು ಮದಾಮ್ ಲಕಾಸ್.

"ಇನ್ಯಾರು, ಇವರೇ" ಎಂದು ವಿಟೋಲ್ಡ್ ಬೆಂಚಿನ ಮೇಲೆ ಕೂತಿದ್ದ ಗಾಂಬಿಯೆಯ ಕಡೆಗೆ ಕೈ ತೋರಿಸಿದ. "ನನ್ನ ಕಿಟಕಿಯಿಂದ ನೇರ ಇವರ ಅಂಗಡಿ ಒಳಗೇ ಕಾಣುತ್ತೆ. ದಿನಾ ಸಂಜೆ ಬಾಗಿಲು ಹಾಕಿದ ಮೇಲೆ ದೀಪ ಹಚ್ಚದೆ, ಗಾಜಿನ ಹಿಂದೆ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಗುಂಡೀನೂ ಇವರ ಹತ್ರಾನೇ ಕೊಂಡದ್ದು. ಇವರೇ ಪೊಟ್ಟಣ ಕಟ್ಟಿಕೊಟ್ರು."

ಗಾಂಬಿಯೆ ಕೊಡೆಯ ಹಿಡಿಯನ್ನು ನೋಡುತ್ತಿದ್ದರು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಯಾವ ಕಡೆ ನೋಡ್ತಾ ಕೂತಿರ್ತಾರೆ?" ಎಂದು ಮದಾಮ್ ಲಕಾಸ್ ಕೇಳಿದಳು.

"ನಿಮ್ಮ ಅಂಗಡಿ ಕಡೆ. ಅಲ್ಲಿ ನೀವು ದೀಪ ಆರಿಸಿದ ಮೇಲೇ ಇವರು ಏಳೋದು."

ಮದಾಮ್ ಬುವಾರೋಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಆ ಬೀದಿಯಲ್ಲಿ ನಡೆದದ್ದೊಂದು ತನಗೆ ತಿಳಿಯದೆ ಹೋಗಿತ್ತಲ್ಲ, ಆ ಪೆಟ್ಟು ಸಣ್ಣದಲ್ಲ. ಮದಾಮ್ ಲಕಾಸ್ ಚಿತ್ರ ನೋಡಿದಳು, ಗಾಂಬಿಯೆಯನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. ಉದ್ದ ಮೂಗು ಹೌದು. ಮುದುಡಿದ ಬೆನ್ನು ಹೌದು. ನೇರವಾಗಿ ನೋಡಲಾರದ ಕಣ್ಣು ಈಗಲೂ ಕೊಡೆಯ ಮೇಲಿತ್ತು.

"ಎದುರುಗಡೇನೇ ಇದ್ದೋರು ಒಂದು ದಿನಾನೂ ಅಂಗಡಿಗೆ ಬರ್ಲಿಲ್ಲ ನೀವು."

ಗಾಂಬಿಯೆ ಕೊಡೆಯ ತುದಿಯಿಂದ ನೆಲ ಕೆರೆಯುತ್ತ, "ನನಗೆ ಬೆಣ್ಣೆ ಆಗೋದಿಲ್ಲ. ಹೊಟ್ಟೆಗೆ" ಎಂದರು. ಸ್ವಲ್ಪ ತಡೆದು, "ಹಾಲೂ ಅಷ್ಟೇ" ಎಂದರು.

ಮದಾಮ್ ಲಕಾಸ್ ನಗಲಿಲ್ಲ. ಕೆನ್ನೆಯಲ್ಲಿ ಮಾತ್ರ ಏನೋ ಸಡಿಲವಾದಂತಾಯಿತು. ತ್ರೂಶೊ ಎರಡು ವರ್ಷ ಬೆಣ್ಣೆ ಕೊಂಡರೂ ಆ ಮುಖದಲ್ಲಿ ಅದನ್ನು ಕಂಡಿರಲಿಲ್ಲ. ಆಕೆ ತ್ರೂಶೊನ ಮುಂದೆ, ಅವನ ತಲೆ ತಿರುಗಿದ್ದ ದಿಕ್ಕಿಗೆ ಬಂದು ನಿಂತಳು.

"ನಾನು ಒಪ್ಪಿಗೆ ಅಂದದ್ದು ನಿಜ. ಕೊಟ್ಟ ಮಾತು ತಪ್ಪೋಳಲ್ಲ. ಆದ್ರೆ ಯಾರನ್ನ ನೋಡಿ ಅಂದೆ ಅನ್ನೋದೂ ನಿಮಗೆ ಗೊತ್ತಾಯ್ತು. ನೀವೇ ಹೇಳಿ, ಏನ್ಮಾಡೋಣ?"

ಒಂದೇ ಒಂದು ಮಾತು ಸಾಕಿತ್ತು. ಇಲ್ಲ, ಬಿಡುವುದಿಲ್ಲ ಎಂದರೆ ಮುಗಿದಿತ್ತು. ತ್ರೂಶೊ ಆಕೆಯ ಮುಖ ನೋಡಿದ. ಎಲ್ಲಿಂದಲೋ ಅವನ ದನಿ ಬಂತು.

"ನಿಮಗೆ ಹೇಗೆ ಸರಿ ಕಾಣುತ್ತೋ ಹಾಗೆ, ಮದಾಮ್."

ಮರಳಿ ಬರುವಾಗ ಟ್ರಾಮಿನಲ್ಲಿ ಮದಾಮ್ ಲಕಾಸ್ ಪಕ್ಕ ಗಾಂಬಿಯೆ ಕುಳಿತರು. ಕೊಡೆ ತ್ರೂಶೊನ ಕೈಯಲ್ಲಿತ್ತು. ಇಬ್ಬರೂ ಏನೂ ಮಾತಾಡುತ್ತಿರಲಿಲ್ಲ. ಆದರೂ ಮಾತು ನಡೆಯುತ್ತಿದ್ದಂತೆ ತ್ರೂಶೊಗೆ ಅನ್ನಿಸಿತು. ಕತ್ತು ಆ ಕಡೆಗೇ ಹಿಡಿದುಕೊಂಡಿದ್ದರಿಂದ ನೋಡದೆ ಬೇರೆ ದಾರಿ ಇರಲಿಲ್ಲ. ಮದಾಮ್ ಬುವಾರೋ, ಬಿಸಿನೀರಿಗೆ ಉಪ್ಪು ಹಾಕಿ ಶಾಖ ಕೊಟ್ಟರೆ ಕತ್ತು ಸರಿಹೋಗುತ್ತದೆ ಎಂದು ಹೇಳುತ್ತಲೇ ಇದ್ದಳು.

ಬೀದಿ ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ಮದಾಮ್ ಲಕಾಸ್ ತನ್ನ ಅಂಗಡಿಯೊಳಗೆ ಹೋಗಿ ದೀಪ ಹಚ್ಚಿದಳು. ತ್ರೂಶೊ ಮೆಟ್ಟಿಲು ಹತ್ತಬೇಕೆನ್ನುವಷ್ಟರಲ್ಲಿ ಗಾಂಬಿಯೆ ತಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ಅವನನ್ನು ಕರೆದರು. ಒಳಗೆ ಕತ್ತಲು. ರಿಬ್ಬನ್ನುಗಳ ಪೆಟ್ಟಿಗೆಗಳ ನಡುವೆ ಯಜಮಾನರು ಎರಡು ಸಲ ಕೆಮ್ಮಿದರು.

"ನಾಳೆ ಎಂದಿನ ಹಾಗೆ ಬನ್ನಿ."

"ಆಗಲಿ, ಯಜಮಾನ್ರೇ."

"ಅದಲ್ಲ ನಾನು ಹೇಳೋಕೆ ಬಂದದ್ದು." ಮತ್ತೆ ಕೆಮ್ಮು. "ಆಕೆ ಹತ್ರ ನೀವು ಎರಡು ವರ್ಷ ಮಾತಾಡಿದ್ದೀರಿ. ಏನು ಮಾತಾಡ್ಬೇಕು?"

ಯಜಮಾನರ ಮಾತಿನ ಹೊರೆ ಹೊತ್ತದ್ದು, ಕಳ್ಳನೆನ್ನಿಸಿಕೊಂಡದ್ದು, ಎಲ್ಲ ತ್ರೂಶೊನ ಮನಸ್ಸಿನಲ್ಲಿ ಹಾದುಹೋಯಿತು. ಆಕೆಯ ಮೊದಲ ಗಂಡನನ್ನು ಹೊಗಳಿ ಎಂದು ಹೇಳಿದ್ದರೆ ಸಾಕಿತ್ತು. ಹತ್ತು ನಿಮಿಷದಲ್ಲಿ ಗಾಂಬಿಯೆ ಬೀದಿಗೆ ಬಂದು ನಿಲ್ಲುತ್ತಿದ್ದರು. ತ್ರೂಶೊ ಅದನ್ನು ಯೋಚಿಸಿಯೂ ಯೋಚಿಸಿದ. ಆಮೇಲೆ ಎದುರುಗಡೆಯ ದೀಪ ನೋಡಿದ.

"ಹವೆ, ಬೆಕ್ಕು, ಕೊಚ್ಚೆ, ಯಾವುದೂ ಬೇಡ" ಎಂದ. "ಏನೂ ಕೊಳ್ಳೋಕೆ ಹೋಗ್ಬೇಡಿ. ಒಳಗೆ ಹೋದ ತಕ್ಷಣ ನೇರ ಕೇಳಿಬಿಡಿ. ಇವತ್ತೇ. ನಾಳೆ ಅಂದ್ರೆ ಅದು ಹಾಗೇ ಎರಡು ವರ್ಷ ಆಗಿಹೋಗುತ್ತೆ."

"ಇಲ್ಲ ಅಂದ್ರೆ?"

"ಅನ್ನೋದಿಲ್ಲ" ಎಂದ ತ್ರೂಶೊ. ತನ್ನ ಬಾಯಿಂದ ಇಷ್ಟು ಖಚಿತವಾದ ಮಾತು ಬಂದದ್ದು ಅವನಿಗೇ ಆಶ್ಚರ್ಯವಾಯಿತು.

ಗಾಂಬಿಯೆ ಟೋಪಿ ಹಾಕಿಕೊಂಡರು, ತೆಗೆದು ಕೈಯಲ್ಲಿ ಹಿಡಿದರು. ಅಂಗಡಿ ನೋಡಿಕೊಳ್ಳಿ ಎಂದು ಹೇಳಿ ಬೀದಿ ದಾಟಿದರು. ಭಾನುವಾರ ಸಂಜೆ ನೋಡಿಕೊಳ್ಳುವುದಕ್ಕೆ ಅಂಗಡಿಯಲ್ಲಿ ಏನಿದೆ ಎಂದು ತ್ರೂಶೊ ಕೇಳಲಿಲ್ಲ.

ಗಾಜಿನ ಹಿಂದೆ ಒಂದು ಕುರ್ಚಿ ಇತ್ತು, ತಿರುಗಿದ ತಲೆಗೆ ಬೀದಿ ಕಾಣುವಂತೆ ಅದರಲ್ಲಿ ಓರೆಯಾಗಿ ಕುಳಿತ. ಎದುರಿನ ಹಾಲಿನಂಗಡಿಯೊಳಗೆ ಮದಾಮ್ ಲಕಾಸ್ ಕಟ್ಟೆ ಒರೆಸುತ್ತಿದ್ದಳು. ಗಾಂಬಿಯೆ ಬಾಗಿಲಲ್ಲಿ ನಿಂತದ್ದು ಕಂಡಿತು. ಒಳಗೆ ಹೋದದ್ದು ಕಂಡಿತು. ಆಕೆ ಒರೆಸುವುದನ್ನು ನಿಲ್ಲಿಸಿದಳು. ಟೋಪಿ ಅವರ ಕೈಯಲ್ಲಿ ಗಿರಗಿರನೆ ಸುತ್ತುತ್ತಿತ್ತು. ಆಮೇಲೆ ಆಕೆ ಬಟ್ಟೆಯನ್ನು ಕೆಳಗಿಟ್ಟು ಅವರಿಂದ ಆ ಟೋಪಿಯನ್ನು ತೆಗೆದುಕೊಂಡು ಗೂಟಕ್ಕೆ ತಗುಲಿಹಾಕಿದಳು.

ತ್ರೂಶೊ ಎಷ್ಟು ಹೊತ್ತು ನೋಡುತ್ತ ಕೂತಿದ್ದನೋ ಅವನಿಗೇ ತಿಳಿಯಲಿಲ್ಲ. ಬೀದಿಯಲ್ಲಿ ಕತ್ತಲು ತುಂಬಿಕೊಂಡಿತ್ತು. ಎಲ್ಲೋ ಮೇಲೆ ಕಿಟಕಿಯೊಂದು ಕಿರುಗುಟ್ಟಿದ ಸದ್ದು ಕೇಳಿ ಕಣ್ಣೆತ್ತಿದ. ಅಟ್ಟದ ಕೋಣೆಯ ಕಿಟಕಿಯಿಂದ ವಿಟೋಲ್ಡ್ ಅರ್ಧ ಮೈ ಹೊರಗೆ ಹಾಕಿ, ಒಂದು ಕಣ್ಣು ಮುಚ್ಚಿಕೊಂಡು, ಕೈಯಲ್ಲಿ ಪೆನ್ಸಿಲು ಹಿಡಿದು ನೇರ ಇತ್ತಲೇ ನೋಡುತ್ತಿದ್ದ.

ತ್ರೂಶೊ ತಟ್ಟನೆ ಎದ್ದ. ಮಂಡಿ ಕುರ್ಚಿಗೆ ಬಡಿಯಿತು. ಬೆಂಕಿಪೊಟ್ಟಣಕ್ಕಾಗಿ ತಡಕಾಡಿ, ಅಂಗಡಿಯಲ್ಲಿದ್ದ ದೀಪಗಳನ್ನೆಲ್ಲ ಒಂದೊಂದಾಗಿ ಹೊತ್ತಿಸಿದ.